ನಾಡಿನ ಅಭಿಮಾನ: ‘ನಮ್ಮವರು’ ಅಂದ್ರೆ ಯಾರು?

ಬೇರೆ ದೇಶ ಬೇಕೆನ್ನುವ ಪಕ್ಷವೊಂದು ಇರುವ ದೇಶದ ಸಂಸತ್ತಿನಲ್ಲೇ ದೊಡ್ಡದಾಗಿ ಬೆಳೆದರೆ ಅಲ್ಲಿನ ಮುಸ್ಲಿಮರ ಪಾಡೇನು? ಕೆನಡಾ ಒಂದು ಉತ್ತರ ಕೊಟ್ಟಿದೆ, ಬ್ರಿಟನ್ ಇನ್ನೊಂದು. ಎರಡನ್ನೂ ಜೊತೆಗಿಟ್ಟು ನೋಡಬೇಕು.

ಕೆನಡಾದ ಕ್ವಿಬೆಕ್ ಫ್ರೆಂಚ್ ಮಾತಾಡುವ ಪ್ರಾಂತ. ಅದು ಪ್ರತ್ಯೇಕ ದೇಶವಾಗಬೇಕೆನ್ನುವ ಬ್ಲಾಕ್ ಕ್ವಿಬೆಕ್ವಾ ಪಕ್ಷ 1993ರಲ್ಲಿ 54 ಸೀಟು ಗೆದ್ದು ಅಧಿಕೃತ ವಿರೋಧ ಪಕ್ಷವೇ ಆಯಿತು. 1995ರ ಜನಮತಗಣನೆಯಲ್ಲಿ ಪ್ರತ್ಯೇಕತೆ ಕೂದಲೆಳೆಯಲ್ಲಿ ಸೋತಾಗ, ಪ್ರಾಂತದ ಪ್ರೀಮಿಯರ್ ಜಾಕ್ ಪಾರಿಝೋ ಆ ರಾತ್ರಿಯೇ ಹಣದ ಮೇಲೂ ವಲಸೆ ಸಮುದಾಯಗಳ ಓಟಿನ ಮೇಲೂ ಗೂಬೆ ಕೂರಿಸಿದರು. 2011ರಲ್ಲಿ 4 ಸೀಟಿಗೆ ಕುಸಿದ ಬ್ಲಾಕ್, 2019ರಲ್ಲಿ 32ಕ್ಕೇರಿತು. ಅದೇ ವರ್ಷ ಕ್ವಿಬೆಕ್ ಸರಕಾರ ತಂದ 21ನೇ ಮಸೂದೆಗೆ ಬೆಂಬಲ ಅದರ ಪ್ರಚಾರದ ಮುಖ್ಯ ವಿಷಯಗಳಲ್ಲೊಂದು. ಸರಕಾರಿ ಶಾಲೆಯ ಶಿಕ್ಷಕರು, ಪೊಲೀಸರು ಮೊದಲಾದವರು ಕೆಲಸದಲ್ಲಿ ಧಾರ್ಮಿಕ ಚಿಹ್ನೆ ಧರಿಸಬಾರದೆಂಬ ಕಾನೂನದು. ಶಿಲುಬೆಗೂ ಪೇಟಕ್ಕೂ ಅನ್ವಯ ಎನ್ನುತ್ತಾರೆ, ನಿಜ. ಆದರೆ 2021ರಲ್ಲಿ ಚೆಲ್ಸಿ ಎಂಬ ಊರಲ್ಲಿ ತರಗತಿಯಿಂದ ಹೊರಬರಬೇಕಾದದ್ದು ಹಿಜಾಬ್ ಹಾಕಿದ ಟೀಚರ್.

ಇನ್ನು ಸ್ಕಾಟ್ಲೆಂಡ್. ಅಲ್ಲಿನ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 2010ರ 6 ಸೀಟಿನಿಂದ 2015ರಲ್ಲಿ 59ರಲ್ಲಿ 56ಕ್ಕೆ ಜಿಗಿಯಿತು. ಬೇಡಿಕೆ ಅದೇ, ಪ್ರತ್ಯೇಕ ದೇಶ. ಆದರೆ 2014ರ ಜನಮತಗಣನೆಯಲ್ಲಿ ಹುಟ್ಟನ್ನಲ್ಲ, ವಾಸವನ್ನು ನೋಡಿ ಓಟು ಕೊಟ್ಟರು. ಅಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೂ ಹಕ್ಕಿತ್ತು. ಸ್ಕಾಟಿಷ್ ಪಾರ್ಲಿಮೆಂಟಿನ ಮೊದಲ ಮುಸ್ಲಿಂ ಸದಸ್ಯ ಬಶೀರ್ ಅಹ್ಮದ್ 2007ರಲ್ಲಿ ಇದೇ ಪಕ್ಷದಿಂದ ಗೆದ್ದು ಉರ್ದುವಿನಲ್ಲೂ ಪ್ರಮಾಣ ಮಾಡಿದರು. 2023ರಲ್ಲಿ ಹಮ್ಝಾ ಯೂಸುಫ್ ಫಸ್ಟ್ ಮಿನಿಸ್ಟರ್ ಆದರು. ಅಲ್ಲಿ ದ್ವೇಷವೇ ಇಲ್ಲ ಅಂತಲ್ಲ. ಪಕ್ಷವೂ 2024ರಲ್ಲಿ 9 ಸೀಟಿಗೆ ಇಳಿಯಿತು. ಆದರೂ ‘ನಮ್ಮವರು’ ಎಂಬ ಮಾತಿನೊಳಗೆ ವಲಸೆ ಬಂದವರ ಮಕ್ಕಳಿಗೂ ಜಾಗ ಇತ್ತು.

ನುಡಿಯ ಅಭಿಮಾನ ತಪ್ಪಲ್ಲ. ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದಾಗ ಸಂತೋಷಪಟ್ಟವರು ನಾವು. ಸಣ್ಣ ಭಾಷೆಯವರ ಆತಂಕ ನಮಗೂ ಗೊತ್ತು. ಆದರೆ ಫ್ರೆಂಚ್ ಉಳಿಸಲು ಟೀಚರ ತಲೆಯ ಬಟ್ಟೆ ತೆಗೆಸಬೇಕಿಲ್ಲ. ಆಕೆ ಪಾಠ ಮಾಡಿದರೆ ಭಾಷೆ ಬಡವಾಗುವುದೂ ಇಲ್ಲ.

ಹಾಗಾಗಿ ಯಾವ ಪಕ್ಷವೇ ‘ನಮ್ಮ ನಾಡು, ನಮ್ಮ ನುಡಿ’ ಎಂದಾಗಲೂ ನಾವು ಕೇಳಬೇಕಾದ್ದು ಒಂದೇ: ಆ ‘ನಮ್ಮ’ದಲ್ಲಿ ಯಾರೆಲ್ಲ ಇದ್ದಾರೆ? ನಮ್ಮ ಭಾಷೆ, ನಮ್ಮ ಜಮಾಅತ್ ಎಂದು ನಾವು ಮಾತಾಡುವಾಗಲೂ ಅದೇ ಪ್ರಶ್ನೆ ಇರಲಿ.