ಗಿಡ ಕಾಯುವ ಬ್ಯಾಕ್ಟೀರಿಯಾ ಮನುಷ್ಯರಿಗೂ ನಿರಪಾಯವೇ?

‘ಇದು ಜೈವಿಕ ಉತ್ಪನ್ನ, ಹಾಗಾಗಿ ಅಪಾಯವಿಲ್ಲ.’ ಬೆಳೆಯ ರೋಗ ತಡೆಯಲು ಬಳಸುವ ಬ್ಯಾಕ್ಟೀರಿಯಾ ಪುಡಿ ಮತ್ತು ದ್ರಾವಣಗಳ ಬಗ್ಗೆ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಬಹಳಷ್ಟು ಸಲ ಇದು ನಿಜವೇ. ಆದರೆ ‘ಜೈವಿಕ’ ಎಂಬ ಒಂದು ಪದವೇ ಸುರಕ್ಷತೆಗೆ ಖಾತರಿಯಾಗಲಾರದು. ಯಾಕೆ ಎಂಬುದನ್ನು ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂಬ ಬ್ಯಾಕ್ಟೀರಿಯಾದ ಕಥೆ ಚೆನ್ನಾಗಿ ತಿಳಿಸುತ್ತದೆ.

ಗಿಡಗಳು ತಾವು ತಯಾರಿಸಿದ ಆಹಾರದ ಒಂದು ಪಾಲನ್ನು ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳ ರೂಪದಲ್ಲಿ ಬೇರಿನ ಮೂಲಕ ಮಣ್ಣಿಗೆ ಬಿಡುತ್ತವೆ. ಹೀಗಾಗಿ ಬೇರಿನ ಸುತ್ತಲಿನ ತೆಳುವಾದ ಮಣ್ಣಿನ ಪದರದಲ್ಲಿ ಬ್ಯಾಕ್ಟೀರಿಯಾಗಳು ದಟ್ಟವಾಗಿರುತ್ತವೆ. ಈ ಪದರಕ್ಕೆ 1904ರಲ್ಲಿ ಜರ್ಮನಿಯ ಲೊರೆಂಟ್ಸ್ ಹಿಲ್ಟ್ನರ್ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟರು. ಅಲ್ಲಿ ಊಟಕ್ಕಾಗಿ ಸದಾ ಪೈಪೋಟಿ. ಪೈಪೋಟಿಯಲ್ಲಿ ಗೆಲ್ಲಲು ಕೆಲವು ಬ್ಯಾಕ್ಟೀರಿಯಾಗಳು ಶಿಲೀಂಧ್ರಗಳನ್ನು ಕೊಲ್ಲುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಗಿಡಕ್ಕೆ ಇದರಿಂದ ಪುಕ್ಕಟೆ ಕಾವಲು ಸಿಗುತ್ತದೆ.

ಬರ್ಕ್‌ಹೋಲ್ಡೇರಿಯಾ ಇಂಥ ಕಾವಲುಗಾರರಲ್ಲಿ ಒಂದು. ಆದರೆ ಅದು ಮೊದಲು ಗುರುತಾಗಿದ್ದು ರೋಗಾಣುವಾಗಿ. 1950ರಲ್ಲಿ ಅಮೆರಿಕದ ವಿಜ್ಞಾನಿ ವಾಲ್ಟರ್ ಬರ್ಕ್‌ಹೋಲ್ಡರ್ ಈರುಳ್ಳಿಯ ಕೊಳೆರೋಗಕ್ಕೆ ಇದೇ ಕಾರಣವೆಂದು ತೋರಿಸಿದರು. ‘ಸೆಪಾ’ ಎಂದರೆ ಲ್ಯಾಟಿನ್‌ನಲ್ಲಿ ಈರುಳ್ಳಿ. ಆಮೇಲೆ ಅದರ ಇನ್ನೊಂದು ಮುಖ ಕಂಡಿತು. ಈ ಗುಂಪಿನ ಕೆಲವು ತಳಿಗಳು ಪೈರೋಲ್‌ನೈಟ್ರಿನ್ ಎಂಬ ಶಿಲೀಂಧ್ರನಾಶಕವನ್ನು ತಾವೇ ತಯಾರಿಸಿ, ಸಸಿಗಳ ಬುಡ ಕೊಳೆಸುವ ರೈಜೋಕ್ಟೋನಿಯಾದಂಥ ಶಿಲೀಂಧ್ರಗಳನ್ನು ಹತ್ತಿಕ್ಕುತ್ತವೆ. ವಿಯೆಟ್ನಾಂನ ಭತ್ತದ ಬೇರಿನಲ್ಲಿ ಸಿಕ್ಕ ಇದರದೇ ಸಂಬಂಧಿ ಪ್ರಭೇದವೊಂದು ಗಾಳಿಯ ಸಾರಜನಕವನ್ನೂ ಹಿಡಿದಿಡುತ್ತದೆ.

ಮಣ್ಣು ಶುದ್ಧಿಯಲ್ಲೂ ಈ ಗುಂಪು ಹೆಸರು ಮಾಡಿತು. ವಿಯೆಟ್ನಾಂ ಯುದ್ಧದಲ್ಲಿ ಕಾಡಿನ ಎಲೆ ಉದುರಿಸಲು ಸುರಿದ ‘ಏಜೆಂಟ್ ಆರೆಂಜ್’ನಲ್ಲಿದ್ದ 2,4,5-ಟಿ ಎಂಬ ಕಳೆನಾಶಕ ಸುಲಭವಾಗಿ ಕರಗಿಹೋಗುವಂಥದ್ದಲ್ಲ. 1980ರ ದಶಕದ ಆರಂಭದಲ್ಲಿ ಭಾರತ ಮೂಲದ ವಿಜ್ಞಾನಿ ಆನಂದ ಮೋಹನ್ ಚಕ್ರಬರ್ತಿಯವರ ಪ್ರಯೋಗಾಲಯ ಅದನ್ನೇ ಆಹಾರವಾಗಿ ತಿನ್ನುವ ತಳಿಯೊಂದನ್ನು ಬೆಳೆಸಿತು. ಮತ್ತೊಂದು ತಳಿ, ಟಾಲೀನ್ ಜೀರ್ಣಿಸಲು ಬಳಸುವ ಕಿಣ್ವದಿಂದಲೇ, ಅಂತರ್ಜಲ ಕೆಡಿಸುವ ಟ್ರೈಕ್ಲೋರೋಎಥಿಲೀನನ್ನೂ ಒಡೆಯುತ್ತದೆ. ಒಂದು ಮಿತಿ ನೆನಪಿರಲಿ: ಇಂಗಾಲದ ಸಂಯುಕ್ತಗಳನ್ನು ಬ್ಯಾಕ್ಟೀರಿಯಾ ಒಡೆಯಬಲ್ಲದು, ಸೀಸ ಅಥವಾ ಕ್ಯಾಡ್ಮಿಯಂನಂಥ ಲೋಹಗಳನ್ನು ಇಲ್ಲವಾಗಿಸಲಾರದು. ಹೆಚ್ಚೆಂದರೆ ಅವುಗಳ ರೂಪ ಬದಲಿಸಬಹುದು, ಗಿಡ ಅವುಗಳನ್ನು ಹೀರಲು ನೆರವಾಗಬಹುದು.

ಹೊಲದಲ್ಲಿ ಇಷ್ಟೆಲ್ಲ ಭರವಸೆ ಮೂಡಿಸಿದ ಈ ಗುಂಪು 1980ರ ದಶಕದಿಂದಲೇ ಆಸ್ಪತ್ರೆಗಳಲ್ಲಿ ಭಯ ಹುಟ್ಟಿಸಿತ್ತು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಶ್ವಾಸಕೋಶದ ಕಫ ಅಂಟಾಗಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಈ ಬ್ಯಾಕ್ಟೀರಿಯಾ ನೆಲೆಸಿದರೆ ಕೆಲವು ರೋಗಿಗಳ ಸ್ಥಿತಿ ಬಹುಬೇಗ ಹದಗೆಟ್ಟು ಸಾವೂ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ತಿಳಿದ ಮೇಲೆ ಆ ರೋಗಿಗಳು ಒಟ್ಟಿಗೆ ಸೇರುತ್ತಿದ್ದ ಶಿಬಿರಗಳೂ ನಿಂತವು. ಔಷಧಿಗಳಿಗೂ ಇದು ಸುಲಭವಾಗಿ ಜಗ್ಗದು. ಪೆನಿಸಿಲಿನನ್ನೇ ಆಹಾರ ಮಾಡಿಕೊಂಡು ಬೆಳೆಯುವ ತಳಿಗಳೂ ಇವೆ.

ಹೊಲದ ತಳಿ ಬೇರೆ, ಆಸ್ಪತ್ರೆಯ ತಳಿ ಬೇರೆ ಎಂದು ಆಗ ಕೆಲವರು ವಾದಿಸಿದರು. ಆದರೆ ರೋಗಿಗಳ ನಡುವೆ ಹರಡುತ್ತಿದ್ದ ತಳಿಯೊಂದು ಅಮೆರಿಕದ ಕೃಷಿ ಮಣ್ಣಿನಲ್ಲೂ ಸಿಕ್ಕಿತೆಂದು 2002ರಲ್ಲಿ ವರದಿಯಾಯಿತು. 1990ರ ದಶಕದಲ್ಲಿ ಈ ಗುಂಪಿನ ಕೆಲವು ತಳಿಗಳಿಗೆ ಜೈವಿಕ ಪೀಡೆನಾಶಕಗಳಾಗಿ ನೋಂದಣಿ ನೀಡಿದ್ದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, 2003ರಲ್ಲಿ ಈ ಗುಂಪಿನ ಹೊಸ ವಾಣಿಜ್ಯ ಬಳಕೆಗಳಿಗೆ ಮುಂಚಿತ ಪರಿಶೀಲನೆ ಕಡ್ಡಾಯ ಮಾಡಿತು.

ಹಾಗಾದರೆ ಬ್ಯಾಕ್ಟೀರಿಯಾ ಬಳಕೆಯನ್ನೇ ಬಿಡಬೇಕೇ? ಖಂಡಿತ ಇಲ್ಲ. ನಮ್ಮ ರೈತರು ಬಳಸುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಈ ಗುಂಪಿಗೆ ಸೇರಿದವಲ್ಲ. ಸೆಪೇಸಿಯಾ ಕೂಡ ಆರೋಗ್ಯವಂತರನ್ನು ಕಾಡುವುದು ಅಪರೂಪ. ಈ ಕಥೆಯ ಪಾಠ ಬೇರೆ. ಒಂದು ಬ್ಯಾಕ್ಟೀರಿಯಾ ‘ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎಂಬುದು ಅದರ ಹೆಸರಿನಿಂದಷ್ಟೇ ನಿರ್ಧಾರವಾಗುವುದಿಲ್ಲ. ಯಾವ ತಳಿ, ಎಲ್ಲಿ, ಯಾರ ದೇಹದೊಳಗೆ ಎಂಬುದೂ ಮುಖ್ಯ. ಶಿಲೀಂಧ್ರವನ್ನು ಕೊಲ್ಲುವ, ವಿಷವನ್ನೂ ತಿಂದು ಬದುಕುವ ಗಟ್ಟಿತನವೇ ಆಸ್ಪತ್ರೆಯಲ್ಲಿ ತಲೆನೋವಾಗಬಹುದು.

ಆದ್ದರಿಂದ ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗ ‘ಜೈವಿಕ’ ಎಂಬ ದಪ್ಪಕ್ಷರ ನೋಡಿ ಸುಮ್ಮನಾಗಬಾರದು. ಬ್ಯಾಕ್ಟೀರಿಯಾದ ಹೆಸರು, ತಳಿ, ನೋಂದಣಿ ಸಂಖ್ಯೆ, ಪ್ರತಿ ಗ್ರಾಂನಲ್ಲಿರುವ ಜೀವಕಣಗಳ ಎಣಿಕೆ, ಅವಧಿ ಮುಗಿಯುವ ದಿನ ಇವೆಯೇ ಎಂದು ನೋಡಬೇಕು. ಒಳಗೆ ಏನಿದೆಯೆಂದೇ ಬರೆಯದ ಪುಡಿ ಬೇಡ. ಎರಚುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.