ವಕೀಲರಿಗೂ ಬೇಕು ಒಂದು ಪಾಠ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಮಂಗಸೂಳಿ ಎಂಬ ಊರಿದೆ. ಅಲ್ಲಿಯ ಮಲ್ಲಯ್ಯನನ್ನು ಕನ್ನಡಿಗರು ಮೈಲಾರನೆಂದೂ ಮರಾಠಿಗರು ಖಂಡೋಬನೆಂದೂ ಭಜಿಸುತ್ತಾರೆ. ಆ ದೇವರ ಸಂಸಾರವೂ ಸ್ವಾರಸ್ಯವಾದುದೇ. ಜನಪದರ ಕಥೆಯಂತೆ ಅವನ ಹಿರಿಯ ಮಡದಿ ವ್ಯಾಪಾರಸ್ಥ ಲಿಂಗಾಯತರ ಮನೆಮಗಳು. ಕಿರಿಯಳು ಕುರಿ ಕಾಯುವವರ ಮಗಳು. ಎರಡು ಭಾಷೆಯವರೂ ಹಲವು ಜಾತಿಯವರೂ ಒಂದೇ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಹಿಂದಿರುಗುತ್ತಾರೆ.

ಇದೇ ಜನರು ನ್ಯಾಯಾಲಯದ ಮೆಟ್ಟಲು ಹತ್ತಿದಾಗ ಅವರಿಗೆ ದೊರೆಯುವ ಆದರ ಎಂಥದು? ಹೊಲದ ಬದುವಿನ ಜಗಳವೊಂದು ಹೊಡೆದಾಟಕ್ಕೆ ತಿರುಗಿತೆಂದು ಭಾವಿಸಬಹುದು. ಕಣ್ಣಾರೆ ಕಂಡ ಮುದುಕಿಗೆ ಬರುವುದು ಮರಾಠಿಯೊಂದೇ. ಇನ್ನೊಬ್ಬ ಸಾಕ್ಷಿ ಹುಟ್ಟು ಮೂಕ. ಮೂರನೆಯವನು ಕುರಿಗಳ ಹಿಂದೆ ಊರೂರು ಅಲೆಯುವವನು. ತಾರೀಖಿನ ದಿನ ಅವನೆಲ್ಲಿರುವನೋ ಮನೆಯವರಿಗೇ ತಿಳಿಯದು. ಆತುರದ ವಕೀಲರು ಮುದುಕಿಯ ಮಾತು ಮುಗಿಯುವ ಮುನ್ನವೇ ತಮಗೆ ತೋಚಿದ ಸಾರಾಂಶವನ್ನು ಬರೆದುಕೊಳ್ಳುತ್ತಾರೆ. ಮೂಕನನ್ನು ಪಟ್ಟಿಯಿಂದಲೇ ಬಿಡುತ್ತಾರೆ. ಕುರಿಗಾಹಿಯನ್ನು ಬೇಜವಾಬ್ದಾರಿಯವನೆಂದು ಜರೆಯುತ್ತಾರೆ. ಮೂರು ಸಾಕ್ಷಿಗಳಿದ್ದ ಮೊಕದ್ದಮೆ ಹೀಗೆ ಸಾಕ್ಷಿಯಿಲ್ಲದ ಮೊಕದ್ದಮೆಯಾಗುತ್ತದೆ.

ಕಾಯಿದೆಯಾದರೋ ಇಷ್ಟು ನಿಷ್ಕರುಣಿಯಲ್ಲ. ಸಾಕ್ಷಿಯು ನ್ಯಾಯಾಲಯದ ಭಾಷೆಯಲ್ಲದ ಭಾಷೆಯಲ್ಲಿ ನುಡಿದರೆ, ಸಾಧ್ಯವಾದಲ್ಲಿ ಆ ಭಾಷೆಯಲ್ಲಿಯೇ ಅದನ್ನು ಬರೆದುಕೊಳ್ಳಬೇಕು. ಆಗದಿದ್ದಲ್ಲಿ ಯಥಾರ್ಥವಾದ ಅನುವಾದವನ್ನು ಸಿದ್ಧಪಡಿಸಬೇಕು. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವಂತೆ ಹೇಳಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ವಿಧಿಗಳು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದಿವೆ. ಮಾತು ಬಾರದವನು ಬರೆವಣಿಗೆಯಿಂದ ಇಲ್ಲವೆ ಸನ್ನೆಯಿಂದ ಸಾಕ್ಷ್ಯ ನುಡಿಯಬಹುದು. ಅದಕ್ಕೆ ಬಾಯಿಮಾತಿನಷ್ಟೇ ಬೆಲೆ. ಆದರೆ ಈ ಹಕ್ಕುಗಳನ್ನು ಕೇಳಿ ಪಡೆಯಬೇಕಾದವರು ವಕೀಲರು. ಕೇಳಬೇಕೆಂಬ ಎಚ್ಚರ ಅವರಲ್ಲಿ ಹುಟ್ಟದಿದ್ದರೆ ವಿಧಿಗಳು ಪುಸ್ತಕದಲ್ಲಿಯೇ ನಿದ್ರಿಸುತ್ತವೆ.

ವಕೀಲವೃತ್ತಿಯೇ ಒಂದು ಕಾಲದಲ್ಲಿ ಹೆಣ್ಣಿಗೆ ಬಾಗಿಲು ಮುಚ್ಚಿತ್ತು. ಕಾನೂನು ಪದವಿ ಪಡೆದಿದ್ದ ರೆಜಿನಾ ಗುಹಾ ಅವರಿಗೆ 1916ರಲ್ಲಿ ಕಲಕತ್ತೆಯ ಹೈಕೋರ್ಟು, ಹೆಂಗಸು ವಕೀಲಳಾಗಲಾರಳೆಂದು ಹೇಳಿ ಸನ್ನದು ನಿರಾಕರಿಸಿತು. ಈ ಅಡ್ಡಿಯನ್ನು ನೀಗಲು 1923ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಬಾಗಿಲು ತೆರೆಯಿತು, ಆದರೆ ಒಳಗಿನವರ ಮಾತು ಅಷ್ಟು ಬೇಗ ಬದಲಾಗಲಿಲ್ಲ.

2020ರ ಜುಲೈ ತಿಂಗಳಲ್ಲಿ ಮಧ್ಯಪ್ರದೇಶದ ಹೈಕೋರ್ಟು ಹೆಣ್ಣೊಬ್ಬಳ ಮಾನಭಂಗಕ್ಕೆ ಯತ್ನಿಸಿದ ಆರೋಪವಿದ್ದವನಿಗೆ ಜಾಮೀನು ನೀಡುತ್ತಾ, ಆತನು ಸಿಹಿತಿಂಡಿಯೊಡನೆ ಆಕೆಯ ಮನೆಗೆ ಹೋಗಿ ರಾಖಿ ಕಟ್ಟುವಂತೆ ಬೇಡಿಕೊಳ್ಳಬೇಕೆಂಬ ಷರತ್ತು ವಿಧಿಸಿತು. ಅಪರ್ಣಾ ಭಟ್ ಮೊದಲಾದ ಒಂಬತ್ತು ಮಂದಿ ಮಹಿಳಾ ವಕೀಲರು ಇದನ್ನು ಪ್ರಶ್ನಿಸಿದರು. 2021ರ ಮಾರ್ಚ್ 18ರಂದು ಸುಪ್ರೀಂ ಕೋರ್ಟು ಆ ಷರತ್ತನ್ನು ರದ್ದುಗೊಳಿಸಿತಲ್ಲದೆ, ನ್ಯಾಯಾಧೀಶರ ಆರಂಭದ ಶಿಕ್ಷಣದಲ್ಲಿ ಲಿಂಗ ಸಂವೇದನೆಯ ಪಾಠವಿರಬೇಕೆಂದೂ, ವಕೀಲರಾಗಬಯಸುವವರ ಅಖಿಲ ಭಾರತ ಪರೀಕ್ಷೆಯ ಪಠ್ಯದಲ್ಲಿ ಆ ವಿಷಯ ಕಡ್ಡಾಯವಾಗಬೇಕೆಂದೂ ವಿಧಿಸಿತು.

2023ರ ಆಗಸ್ಟ್ ತಿಂಗಳಲ್ಲಿ ಅದೇ ನ್ಯಾಯಾಲಯ ಒಂದು ಕೈಪಿಡಿಯನ್ನು ಹೊರತಂದು, ಅರ್ಜಿ ಆದೇಶಗಳಲ್ಲಿ ನುಸುಳುವ ಅವಹೇಳನದ ಮಾತುಗಳನ್ನು ಎತ್ತಿ ತೋರಿಸಿತು. ‘ಪತಿತೆ’ ಎನ್ನುವುದೇಕೆ, ‘ಮಹಿಳೆ’ ಎಂದರೆ ಸಾಲದೆ? ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ಹೀನಾಯದ ಹೆಸರಿನಿಂದ ಗುರುತಿಸುವುದೇಕೆ? ಗಡಿನಾಡಿನಲ್ಲಿ ಈ ಪ್ರಶ್ನೆ ಬರಿಯ ಶಬ್ದದ ಪ್ರಶ್ನೆಯಲ್ಲ. ಖಂಡೋಬನ ಪರಂಪರೆಯಲ್ಲಿ ಹೆಣ್ಣುಮಕ್ಕಳನ್ನು ಮುರಳಿಯರನ್ನಾಗಿ ಬಿಡುವ ಪದ್ಧತಿಯಿತ್ತು. ದೇವದಾಸಿಯರನ್ನಾಗಿ ಅರ್ಪಿಸುವುದನ್ನು ಕರ್ನಾಟಕದ 1982ರ ಕಾಯಿದೆ ನಿಷೇಧಿಸಿತು. ಹುಡುಗಿಯ ಒಪ್ಪಿಗೆಯಿದ್ದರೂ ಅದು ಅಸಿಂಧುವೆಂದು ಸಾರಿತು. ಅಂಥ ತಾಯಿಯ ಮಗನೋ ಮಗಳೋ ಸಾಕ್ಷಿಕಟ್ಟೆಯಲ್ಲಿ ನಿಂತಾಗ, ಪಾಟೀಸವಾಲಿನ ಮೊದಲ ಪ್ರಶ್ನೆ “ನಿನ್ನ ತಂದೆ ಯಾರು?” ಎಂದಾದರೆ, ಕಂಡದ್ದನ್ನು ಹೇಳಲು ಬಂದವರು ಹುಟ್ಟಿದ್ದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅಲ್ಲಿಂದ ಮುಂದೆ ಅವರ ನಾಲಗೆ ಏಳುವುದಿಲ್ಲ.

ಕೆಲವು ದೇಶಗಳಲ್ಲಿ ಈ ಪಾಠಕ್ಕೆ ಗಂಟೆಯ ಲೆಕ್ಕವೇ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅನುಭವಸ್ಥ ವಕೀಲರು ಎರಡು ವರ್ಷಕ್ಕೆ 24 ಗಂಟೆಗಳ ಶಿಕ್ಷಣ ಪಡೆಯಬೇಕು. ಅದರಲ್ಲಿ ಒಂದು ಗಂಟೆಯಾದರೂ ಪೂರ್ವಗ್ರಹವನ್ನು ನೀಗಿಕೊಂಡು ಎಲ್ಲರನ್ನೂ ಒಳಗೊಳ್ಳುವ ವಿಷಯಕ್ಕೆ ಮೀಸಲಿರಬೇಕೆಂಬ ನಿಯಮ 2018ರಿಂದ ಬಂದಿದೆ. ಭಾರತದಲ್ಲಿ ಸನ್ನದು ಪಡೆದ ವಕೀಲರಿಗೆ ಇಂಥ ಕಡ್ಡಾಯವಿಲ್ಲ. ಇರಬೇಕೆನ್ನುವವರ ವಾದದಲ್ಲಿ ಹುರುಳುಂಟು. ಆದರೂ ಎರಡು ವರ್ಷಕ್ಕೊಂದು ಗಂಟೆ ಕುಳಿತು ಸಹಿ ಹಾಕಿ ಬಂದ ಮಾತ್ರಕ್ಕೆ ಮನುಷ್ಯನ ಕಿವಿ ತೆರೆಯುವುದೆಂದು ಹೇಳುವವರು ಯಾರು?

ಅದರ ನಿಜವಾದ ಪರೀಕ್ಷೆ ನಡೆಯುವುದು ವಕೀಲರ ಕಚೇರಿಯಲ್ಲಿಯೇ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ ಬರೆದದ್ದನ್ನು ಆ ಮುದುಕಿಗೆ ಅವಳ ಮಾತಿನಲ್ಲಿ ಓದಿ ಹೇಳಿಸಿ, “ಅಜ್ಜೀ, ನೀವು ಹೇಳಿದ್ದು ಇದೇ ಹೌದೆ?” ಎಂದು ಕೇಳಲು ಐದು ನಿಮಿಷ ಸಾಕು. ಅವಳು ತಲೆಯಾಡಿಸಿ ಅಲ್ಲವೆಂದರೆ, ಆ ಕಾಗದವನ್ನು ಹರಿದು ಮತ್ತೆ ಬರೆಯುವ ತಾಳ್ಮೆ ಇರಬೇಕು.