ಗಣಕ ಪರಿಚಯ: ಭಂಡಾರ ಉಳಿಯಲಿ, ಬಾಗಿಲು ಬದಲಾಗಲಿ

ಕಳೆದ ಎರಡು ದಶಕಗಳಲ್ಲಿ ನಾಡಿನ ಅನೇಕ ಮಠಗಳು, ವಿದ್ಯಾಸಂಸ್ಥೆಗಳು ಹಾಗೂ ಸಮಾಜದ ಸಂಘಗಳು ತಮ್ಮದೇ ಆದ ಜಾಲತಾಣಗಳನ್ನು ಹೊಂದಿರುವುದು ಸಂತೋಷದ ಸಂಗತಿ. ಜಾತ್ರೆಯ ಭಾವಚಿತ್ರಗಳು, ಪ್ರವಚನಗಳ ಧ್ವನಿಮುದ್ರಣಗಳು, ವಿದ್ಯಾರ್ಥಿನಿಲಯದ ಅರ್ಜಿ ನಮೂನೆಗಳು, ಹಳೆಯ ಸ್ಮರಣ ಸಂಚಿಕೆಗಳು, ತಾಡೋಲೆಗಳ ಛಾಯಾಪ್ರತಿಗಳು ಇವೆಲ್ಲವೂ ಅಲ್ಲಿ ಶೇಖರವಾಗುತ್ತ ಬಂದಿವೆ. ಈ ಸಂಪತ್ತನ್ನು ತುಂಬಿಡುವ ಭಂಡಾರಕ್ಕೆ ಒಂದು ಬಾಗಿಲು ಇದೆಯೆಂಬುದನ್ನೂ, ಆ ಬಾಗಿಲು ಹಳತಾಗುತ್ತದೆಂಬುದನ್ನೂ ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಈ ತಿಂಗಳ ಅಂಕಣದಲ್ಲಿ ಆ ವಿಷಯವನ್ನು ವಿಚಾರಿಸೋಣ.

ಜಾಲತಾಣವನ್ನು ನಡೆಸುವವರು ಪ್ರತಿ ಪುಟವನ್ನೂ ಕೈಯಿಂದ ಬರೆಯುವುದಿಲ್ಲ. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಮೊದಲಾದ ನಿರ್ವಹಣಾ ತಂತ್ರಾಂಶಗಳು ಆ ಕೆಲಸಕ್ಕೆ ಒದಗುತ್ತವೆ. ಲೇಖನವನ್ನು ಸಿದ್ಧಪಡಿಸುವಾಗ ಚಿತ್ರವೊಂದನ್ನು ಸೇರಿಸಬೇಕಾದರೆ ಒಂದು ಗುಂಡಿಯನ್ನು ಒತ್ತುತ್ತೇವೆ. ಪುಟ್ಟ ಕಿಟಕಿಯೊಂದು ತೆರೆದು, ಸಂಗ್ರಹದಲ್ಲಿರುವ ಕಡತಗಳನ್ನು ಸಾಲಾಗಿ ತೋರಿಸುತ್ತದೆ. ಬೇಕಾದುದನ್ನು ಆರಿಸಬಹುದು, ಹೊಸದನ್ನು ಸೇರಿಸಬಹುದು, ಬೇಡವಾದುದನ್ನು ಅಳಿಸಬಹುದು. ಇದಕ್ಕೆ ಫೈಲ್ ಬ್ರೌಸರ್ ಎಂದು ಹೆಸರು, ಕನ್ನಡದಲ್ಲಿ ಕಡತದರ್ಶಕವೆನ್ನೋಣ. ಕಡತದರ್ಶಕವೇ ಭಂಡಾರವಲ್ಲ, ಅದು ಭಂಡಾರದ ಬಾಗಿಲು ಮಾತ್ರ. ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

ಬಾಗಿಲು ಹಳತಾಗುವುದು ಹೇಗೆ? ಮೊದಲನೆಯದಾಗಿ, ಅದು ಆಧರಿಸಿದ ತಂತ್ರವೇ ಕಣ್ಮರೆಯಾಗಬಹುದು. ಒಂದು ಕಾಲದಲ್ಲಿ ಅನೇಕ ಚಿತ್ರಗಳನ್ನು ಒಟ್ಟಿಗೆ ಸೇರಿಸುವ ಸೌಲಭ್ಯವು ಫ್ಲ್ಯಾಶ್ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿತ್ತು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ಕೊನೆಗೊಳಿಸಿದಾಗ, ಹಳೆಯ ಕಡತದರ್ಶಕಗಳ ಆ ಗುಂಡಿಗಳು ನಿಷ್ಪ್ರಯೋಜಕವಾದವು. ಎರಡನೆಯದಾಗಿ, ತಂತ್ರಾಂಶವನ್ನು ರಚಿಸಿದವರು ಅದನ್ನು ಕೈಬಿಟ್ಟರೆ, ದೋಷಗಳನ್ನು ತಿದ್ದುವವರೇ ಇಲ್ಲದಂತಾಗುತ್ತದೆ. ಮೂರನೆಯದು ಇವೆಲ್ಲಕ್ಕಿಂತ ಗಂಭೀರವಾದುದು. ಕಡತವನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡತದರ್ಶಕದ ಕೆಲಸವಾದ್ದರಿಂದ, ಅದರಲ್ಲಿ ಬಿರುಕಿದ್ದರೆ ಕಳ್ಳನೂ ಅಲ್ಲಿಂದಲೇ ಒಳನುಗ್ಗುತ್ತಾನೆ.

ಇದು ಕೇವಲ ಊಹೆಯಲ್ಲ. 2020ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ಗೆ ಜೋಡಿಸುವ ಫೈಲ್ ಮ್ಯಾನೇಜರ್ ಎಂಬ ಉಪತಂತ್ರಾಂಶದಲ್ಲಿ ಇಂತಹ ದೋಷವೊಂದು ಬೆಳಕಿಗೆ ಬಂದಿತು. ಆಗ ಅದು 7 ಲಕ್ಷಕ್ಕೂ ಹೆಚ್ಚು ಜಾಲತಾಣಗಳಲ್ಲಿ ಬಳಕೆಯಲ್ಲಿತ್ತು. ಅದರೊಳಗೆ ಮಾದರಿಗೆಂದು ಸೇರಿಸಿದ್ದ ಒಂದು ಕಡತವು, ಪಾಸ್‌ವರ್ಡ್ ಇಲ್ಲದವರೂ ಚಾಲನೆ ಮಾಡಬಹುದಾದ ಸ್ಥಿತಿಯಲ್ಲಿ ಉಳಿದುಬಿಟ್ಟಿತ್ತು. ಅದರ ಮೂಲಕ ದುಷ್ಕರ್ಮಿಗಳು ಹಾನಿಕರ ಕಡತಗಳನ್ನು ಸೇರಿಸಿ ಅನೇಕ ತಾಣಗಳನ್ನು ವಶಪಡಿಸಿಕೊಂಡರು. ದೋಷವನ್ನು ತಿದ್ದಿದ ಆವೃತ್ತಿ ಕೂಡಲೇ ಬಂದಿತಾದರೂ, ಹಳೆಯದನ್ನೇ ಇಟ್ಟುಕೊಂಡವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಆದ್ದರಿಂದ ಹಳೆಯ ಬಾಗಿಲನ್ನು ಬದಲಾಯಿಸಲೇಬೇಕು. ಆದರೆ ಬಾಗಿಲನ್ನು ಬದಲಾಯಿಸುವ ಭರದಲ್ಲಿ ಭಂಡಾರದ ವಸ್ತುಗಳ ಗುರುತನ್ನೇ ಕಳೆದುಕೊಳ್ಳುವ ಅಪಾಯವೂ ಇದೆ. ಗುರುತನ್ನು ಕಾಪಾಡಿಕೊಂಡು ಸಾಧನವನ್ನು ಬದಲಾಯಿಸುವುದು ಹೇಗೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಗುಂಡ್ಲುಪೇಟೆಯ ಪಕ್ಕದ ಬಂಡೀಪುರದ ಕಾಡೇ ಅದನ್ನು ತೋರಿಸಿಕೊಟ್ಟಿದೆ.

ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ತಾಣಗಳಲ್ಲಿ ಒಂದು. ಆಗಿನ ಕಾಲದಲ್ಲಿ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಗಾಜಿನ ಮೇಲೆ ಹೆಜ್ಜೆಯ ಆಕಾರವನ್ನು ಬರೆದುಕೊಂಡು, ಇದು ಇಂತಹ ಹುಲಿಯದೆಂದು ತೀರ್ಮಾನಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆಯಾಗಿ ಮೂಡುವುದರಿಂದ ಈ ಲೆಕ್ಕ ನಂಬಲರ್ಹವಾಗಿರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಡತಗಳ ಪ್ರಕಾರ ಹುಲಿಗಳಿದ್ದರೂ, ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು 2005ರಲ್ಲಿ ಬಯಲಾದಾಗ ದೇಶವೇ ಬೆಚ್ಚಿತು. ಬರಹದಲ್ಲಿ ಇದ್ದುದು ವಸ್ತುವಿನಲ್ಲಿ ಇರಲಿಲ್ಲ. ತರುವಾಯ 2006ರ ರಾಷ್ಟ್ರೀಯ ಗಣತಿಯಿಂದ ಆ ವಿಧಾನವನ್ನು ಕೈಬಿಟ್ಟು, ಕಾಡಿನಲ್ಲಿ ತಾವೇ ಚಿತ್ರ ತೆಗೆಯುವ ಕ್ಯಾಮೆರಾಗಳ ವಿಧಾನವನ್ನು ಅಳವಡಿಸಿಕೊಂಡರು. ಇದಕ್ಕೂ ಮುಂಚೆ, 1990ರ ದಶಕದ ಆರಂಭದಲ್ಲಿಯೇ ನಮ್ಮ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಈ ವಿಧಾನವನ್ನು ಪ್ರಯೋಗಿಸಿ ತೋರಿಸಿದ್ದರು.

ಹುಲಿಯ ಮೈಮೇಲಿನ ಪಟ್ಟೆಗಳು ಮನುಷ್ಯನ ಬೆರಳಚ್ಚಿನಂತೆ. ಒಂದರ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲ. ಎಡಮೈಯ ಪಟ್ಟೆ ಬಲಮೈಯದರಂತೆ ಇರುವುದಿಲ್ಲವಾದ್ದರಿಂದ ಹಾದಿಯ ಎರಡೂ ಬದಿಗಳಲ್ಲಿ ಜೋಡಿ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಚಿತ್ರಗಳೇನೋ ದೊರೆತವು, ಆದರೆ ಅವುಗಳ ರಾಶಿಯೇ ಹೊಸ ಸಮಸ್ಯೆಯಾಯಿತು. 2018ರ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಇಟ್ಟು, 3 ಕೋಟಿ 48 ಲಕ್ಷಕ್ಕೂ ಹೆಚ್ಚು ವನ್ಯಜೀವಿ ಚಿತ್ರಗಳನ್ನು ಪಡೆದರು. ಅವುಗಳಲ್ಲಿ ಹುಲಿಯ ಚಿತ್ರಗಳು 76,651. ಜಿಂಕೆ, ಆನೆ, ದನಗಳ ಕೋಟಿಗಟ್ಟಲೆ ಚಿತ್ರಗಳ ನಡುವೆ ಹುಲಿಯನ್ನು ಹುಡುಕಲು ಒಂದೊಂದೇ ಫೋಲ್ಡರನ್ನು ತೆರೆದು ನೋಡುವ ಹಳೆಯ ಪದ್ಧತಿ ಇನ್ನು ನಡೆಯುವಂತಿರಲಿಲ್ಲ. ಹಾಗಾಗಿ ಚಿತ್ರಗಳಿಗೆ ಸ್ಥಳದ ಗುರುತನ್ನು ಜೋಡಿಸಿ, ಪ್ರಾಣಿಯ ಜಾತಿಗನುಗುಣವಾಗಿ ತಾನೇ ವಿಂಗಡಿಸುವ ಹೊಸ ತಂತ್ರಾಂಶವನ್ನು ಬಳಕೆಗೆ ತಂದರು. ಪಟ್ಟೆಗಳನ್ನು ಹೋಲಿಸಿ ನೋಡಲು ಇನ್ನೊಂದು ತಂತ್ರಾಂಶವಿದೆ. ಅದು ಹೋಲಿಕೆಯುಳ್ಳ ಚಿತ್ರಗಳನ್ನು ಮುಂದಿಡುತ್ತದೆ, ಕೊನೆಯ ತೀರ್ಮಾನವನ್ನು ಮಾತ್ರ ಮನುಷ್ಯನ ಕಣ್ಣೇ ಮಾಡುತ್ತದೆ.

ಈ ವ್ಯವಸ್ಥೆಯ ಬೆಲೆ ಸಂಕಟದ ಹೊತ್ತಿನಲ್ಲಿ ತಿಳಿಯುತ್ತದೆ. 2021ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡಿರುವ ಗೂಡಲೂರು, ಮಸಿನಗುಡಿ ಪ್ರದೇಶದಲ್ಲಿ ಮನುಷ್ಯರ ಸಾವಿಗೆ ಕಾರಣವೆನ್ನಲಾದ ಟಿ-23 ಎಂಬ ಹುಲಿಯನ್ನು ಹಿಡಿಯಲು ಕಾರ್ಯಾಚರಣೆ ನಡೆಯಿತು. ಆ ಕಾಡಿನಲ್ಲಿ ಬೇರೆ ಹುಲಿಗಳೂ ಇದ್ದವು. ತಪ್ಪಾದ ಹುಲಿಯನ್ನು ಹಿಡಿದರೆ ನಿರಪರಾಧಿ ಪ್ರಾಣಿಗೆ ಅನ್ಯಾಯ. ಅಪಾಯಕಾರಿಯಾದುದು ಹೊರಗೇ ಉಳಿದು ದನ ಮೇಯಿಸುವ ಬಡವನ ಪ್ರಾಣಕ್ಕೆ ಕಂಟಕ. ಕ್ಯಾಮೆರಾ ಚಿತ್ರಗಳ ನೆರವಿನಿಂದ ಅದರ ಜಾಡು ಹಿಡಿದು, ಅಕ್ಟೋಬರ್ 15ರಂದು ಅರಿವಳಿಕೆ ನೀಡಿ ಜೀವಂತವಾಗಿ ಸೆರೆಹಿಡಿದು ಮೈಸೂರಿಗೆ ಸಾಗಿಸಿದರು. ಚಿತ್ರವಿದ್ದರಷ್ಟೇ ಸಾಲದು, ಅದು ಯಾವಾಗ, ಎಲ್ಲಿ ತೆಗೆದುದೆಂಬ ಗುರುತು ಅದರೊಡನೆ ಇರಬೇಕು; ಬೇಕಾದ ಗಳಿಗೆಯಲ್ಲಿ ಕೈಗೆ ಸಿಗಬೇಕು.

ಗುರುತಿನ ಈ ಮಹತ್ತ್ವ ಶರಣರ ಪರಂಪರೆಯನ್ನು ಬಲ್ಲ ಮನೆಗಳಿಗೆ ಹೊಸತಲ್ಲ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಯವರಿಗೆ ಚೆನ್ನಮಲ್ಲಿಕಾರ್ಜುನ, ಹೀಗೆ ಪ್ರತಿಯೊಂದು ವಚನದ ಕೊನೆಗೂ ಅಂಕಿತವಿದೆ. ತಾಡೋಲೆಗಳನ್ನು ಊರೂರು ಅಲೆದು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರ ಕಾಲಕ್ಕೆ ಯಾವ ವಚನ ಯಾರದೆಂದು ತಿಳಿಯಲು ಆ ಅಂಕಿತವೇ ಆಧಾರ. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಗಣಕಕ್ಕೆ ವಚನಗಳು ಬಂದಿವೆ. ಹೊತ್ತ ವಾಹನ ಎರಡು ಬಾರಿ ಬದಲಾಯಿತು, ಅಂಕಿತ ಮಾತ್ರ ಬದಲಾಗಲಿಲ್ಲ. ನಮ್ಮ ಜಾಲತಾಣದ ಕಡತಗಳಿಗೂ ಇದೇ ನ್ಯಾಯ ಸಲ್ಲುತ್ತದೆ.

ಹಾಗಾದರೆ ಸಂಘದ ಕಾರ್ಯದರ್ಶಿಗಳು, ಜಾಲತಾಣವನ್ನು ನೋಡಿಕೊಳ್ಳುವ ತರುಣರು ಕಡತದರ್ಶಕವನ್ನು ಬದಲಾಯಿಸುವಾಗ ಅನುಸರಿಸಬೇಕಾದ ಕ್ರಮವೇನು?

ಮೊದಲು ಇಡೀ ಭಂಡಾರದ ಪ್ರತಿಯನ್ನು ತೆಗೆದಿರಿಸಬೇಕು. ಒಂದು ಪ್ರತಿ ಸಂಘದ ಕಚೇರಿಯ ಗಣಕದಲ್ಲಿ, ಇನ್ನೊಂದು ಬೇರೆ ಸ್ಥಳದಲ್ಲಿ ಇರಲಿ. ಕಡತಗಳ ಪ್ರತಿಯಷ್ಟೇ ಸಾಲದು. ಚಿತ್ರದ ಶೀರ್ಷಿಕೆ ಮತ್ತು ವಿವರಣೆಗಳು ಬಹುಮಟ್ಟಿಗೆ ದತ್ತಸಂಚಯದಲ್ಲಿ ಇರುವುದರಿಂದ ಅದರ ಪ್ರತಿಯೂ ಬೇಕು. ತೆಗೆದ ಪ್ರತಿಯಿಂದ ಒಂದೆರಡು ಕಡತಗಳನ್ನು ತೆರೆದು ನೋಡಿ, ಅದು ಸರಿಯಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಎರಡನೆಯದಾಗಿ, ಕಡತಗಳ ವಿಳಾಸಗಳನ್ನು ಬದಲಾಯಿಸಬಾರದು. ಹೊಸ ಕಡತದರ್ಶಕವು ಬೇರೆ ಫೋಲ್ಡರಿನಲ್ಲಿ ಸಂಗ್ರಹಿಸುವ ಅಭ್ಯಾಸದ್ದಾಗಿರಬಹುದು. ಹಳೆಯ ಕಡತಗಳನ್ನು ಅಲ್ಲಿಗೆ ಸಾಗಿಸಿದರೆ, ಹತ್ತು ವರ್ಷಗಳ ಲೇಖನಗಳಲ್ಲಿನ ಚಿತ್ರಗಳೆಲ್ಲ ಏಕಕಾಲಕ್ಕೆ ಮಾಯವಾದಾವು. ಹಳೆಯ ಸ್ಥಳವನ್ನೇ ಹೊಸದಕ್ಕೆ ತೋರಿಸಿಕೊಡುವುದು ಉತ್ತಮ. ಸಾಗಿಸುವುದು ಅನಿವಾರ್ಯವಾದರೆ, ಹಳೆಯ ವಿಳಾಸಕ್ಕೆ ಬಂದವರು ಹೊಸ ವಿಳಾಸವನ್ನು ತಲುಪುವಂತೆ ವ್ಯವಸ್ಥೆ ಮಾಡಬೇಕು.

ಮೂರನೆಯದು ಕನ್ನಡದ ಹೆಸರುಗಳ ವಿಚಾರ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದ ಶೀರ್ಷಿಕೆಗಳು ಆಯಾ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಹುಡುಕಾಟ ಸಾಧ್ಯವಿಲ್ಲ. ಹೊಸ ಕಡತದರ್ಶಕವು ಕನ್ನಡದ ಹೆಸರನ್ನು ಕೆಡಿಸದೆ ಉಳಿಸಿಕೊಳ್ಳುವುದೇ ಎಂದು ಒಂದೆರಡು ಕಡತಗಳಿಂದ ಮೊದಲೇ ಪರೀಕ್ಷಿಸಬೇಕು.

ನಾಲ್ಕನೆಯದಾಗಿ, ಯಾರು ಸೇರಿಸಬಹುದು, ಯಾರು ಅಳಿಸಬಹುದು ಎಂಬುದನ್ನು ನಿಗದಿಪಡಿಸಬೇಕು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಪದ್ಧತಿ ಸಲ್ಲದು. ಚಿತ್ರ, ಧ್ವನಿ, ದಾಖಲೆಗಳ ಹೊರತು ಗಣಕವು ಆದೇಶವೆಂದು ಚಾಲನೆ ಮಾಡಬಲ್ಲ ಕಡತಗಳನ್ನು ಒಳಗೆ ಬಿಡಲೇಬಾರದು.

ಕೊನೆಯದಾಗಿ, ಹೊಸ ಬಾಗಿಲನ್ನು ಇಟ್ಟ ಮೇಲೆ ಹಳೆಯದನ್ನು ಪೂರ್ಣವಾಗಿ ಕಿತ್ತುಹಾಕಬೇಕು. ಗುಂಡಿಯನ್ನು ಮರೆಮಾಡಿದರೆ ಸಾಲದು. ಅದರ ಕಡತಗಳು ಸರ್ವರಿನಲ್ಲಿ ಉಳಿದಿರುವವರೆಗೂ ನಮ್ಮ ಕಣ್ಣಿಗೆ ಕಾಣದ ಬಾಗಿಲು ಕಳ್ಳನಿಗೆ ತೆರೆದೇ ಇರುತ್ತದೆ. ಮೇಲೆ ಹೇಳಿದ 2020ರ ಪ್ರಸಂಗದಲ್ಲಿ ಅನಾಹುತಕ್ಕೆ ಎಡೆಯಾದುದು, ಯಾರೂ ಬಳಸದೆ ಉಳಿದಿದ್ದ ಒಂದು ಮಾದರಿ ಕಡತವೇ ಎಂಬುದನ್ನು ಮರೆಯಬಾರದು.

ಇವೆಲ್ಲಕ್ಕೂ ತಗಲುವ ವೆಚ್ಚ ಹೆಚ್ಚಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಮಾಧ್ಯಮ ಸಂಗ್ರಹವು ಮೂಲದಲ್ಲಿಯೇ ಇರುವುದರಿಂದ ಅನೇಕ ಸಂಘಗಳಿಗೆ ಬೇರೆ ಉಪತಂತ್ರಾಂಶದ ಅಗತ್ಯವೇ ಬೀಳದು. ಬೇಕಾಗಿರುವುದು ಶ್ರದ್ಧೆ ಮತ್ತು ಕಾಲ. ಮನೆಯ ಹಿರಿಯರಿಗೂ ಇದರಲ್ಲಿ ಪಾತ್ರವುಂಟು. 1970ರ ಜಾತ್ರೆಯ ಚಿತ್ರದಲ್ಲಿ ರಥದ ಮುಂದೆ ನಿಂತವರು ಯಾರೆಂದು ಮೊಮ್ಮಗನ ಗಣಕಕ್ಕೆ ತಿಳಿಯದು, ಅಜ್ಜನಿಗೆ ತಿಳಿದೀತು. ಅಜ್ಜ ಹೇಳಲಿ, ಮೊಮ್ಮಗ ಚಿತ್ರದ ವಿವರಣೆಯಲ್ಲಿ ಅದನ್ನು ಬರೆಯಲಿ. ತಂತ್ರಾಂಶಗಳು ಮುಂದೆಯೂ ಹಳತಾಗುತ್ತವೆ, ಮತ್ತೆ ಬದಲಾಗುತ್ತವೆ. ಆದರೆ ಆ ಹೆಸರನ್ನು ಬಲ್ಲವರು ಇರುವಾಗಲೇ ಬರೆದಿಡದಿದ್ದರೆ, ಮುಂದೆ ಯಾವ ಹೊಸ ತಂತ್ರಾಂಶವೂ ಅದನ್ನು ಹುಡುಕಿಕೊಡಲಾರದು.